ಕಳಿಸಿಕೊಟ್ಟ ವೈದ್ಯರಿಗೂ ಒಂದು ಉತ್ತರ ಬೇಕು

(ಪಾಂಡವಪುರ ತಾಲ್ಲೂಕಿನಲ್ಲಿ ಕ್ಲಿನಿಕ್ ನಡೆಸುವ ಓದುಗರೊಬ್ಬರ ಪತ್ರ: 'ಮೈಸೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದ ರೋಗಿ ಏನಾದರೆಂದು ಅವರ ಮನೆಯವರೇ ಬಂದು ಹೇಳಬೇಕು. ಆಸ್ಪತ್ರೆಯಿಂದ ನನಗೆ ಬರುವುದು ಹಬ್ಬದ ಸಿಹಿ ಡಬ್ಬಿ ಮಾತ್ರ. ಬಾಂಧವ್ಯವೆಂದರೆ ಇಷ್ಟೇನಾ?')

ಅಲ್ಲ ಡಾಕ್ಟರೇ, ಖಂಡಿತ ಅಲ್ಲ. ರೋಗಿಯನ್ನು ಕಳಿಸಿದ್ದಕ್ಕೆ ವೈದ್ಯರು ಕಮಿಷನ್ನಾಗಲಿ ಉಡುಗೊರೆಯಾಗಲಿ ಕೊಡುವಂತಿಲ್ಲ, ಪಡೆಯುವಂತಿಲ್ಲ ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯೇ ಹೇಳುತ್ತದೆ. ಡಬ್ಬಿಯನ್ನು ಧೈರ್ಯವಾಗಿ ವಾಪಸು ಕಳಿಸಿ.

ನಿಮಗೆ ಸಲ್ಲಬೇಕಾದದ್ದು ಒಂದು ಕಾಗದ. ಹೃದಯದ ರಕ್ತನಾಳ ಮುಚ್ಚಿಕೊಳ್ಳದಂತೆ ಸ್ಟೆಂಟ್ ಎಂಬ ಪುಟ್ಟ ಜಾಲರಿ ಕೊಳವೆ ಹಾಕಿಸಿಕೊಂಡು ಬಂದವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಬಗೆಯ ಮಾತ್ರೆಗಳನ್ನು ಸಾಮಾನ್ಯವಾಗಿ ತಿಂಗಳುಗಟ್ಟಲೆ ನುಂಗಬೇಕು. ಹೊಟ್ಟೆ ಉರಿ ಎಂದೋ, ಹಲ್ಲು ಕೀಳಿಸಬೇಕೆಂದೋ ನಡುವೆ ನಿಲ್ಲಿಸಿದರೆ ಸ್ಟೆಂಟ್‌ನೊಳಗೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಕುತ್ತು ಬರಬಹುದು. ಆ ಹೊಟ್ಟೆ ಉರಿಯನ್ನು ಹೇಳಿಕೊಳ್ಳಲು ಅವರು ಮೊದಲು ಬರುವುದು ನಿಮ್ಮ ಬಳಿಗೇ. ಯಾವ ಮಾತ್ರೆ, ಎಲ್ಲಿಯವರೆಗೆ, ಏನಾದರೆ ಮರಳಿ ಕಳಿಸಬೇಕು ಎಂಬ ಮೂರು ಸಾಲನ್ನು ರೋಗಿಯ ಒಪ್ಪಿಗೆ ಪಡೆದು ನಿಮಗೆ ತಿಳಿಸದ ಆಸ್ಪತ್ರೆ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟಿದೆ ಎಂದೇ ನನ್ನ ಅಭಿಪ್ರಾಯ.

ಇದು ಆಗದ ಕೆಲಸವೇನಲ್ಲ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆಯ ತಜ್ಞರು ದೂರದಿಂದಲೇ ನೋಡಿ ಸಲಹೆ ಕೊಡುತ್ತಾರೆ. ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಕೊಟ್ಟು, ಆಮೇಲೆ ಮುಂದಕ್ಕೆ ಕಳಿಸುತ್ತಾರೆ. ತಾಲ್ಲೂಕಿನ ವೈದ್ಯರೂ ಅಲ್ಲಿ ಚಿಕಿತ್ಸೆಯ ಪಾಲುದಾರರು. ಖಾಸಗಿ ಆಸ್ಪತ್ರೆಗಳು ಕಡೇಪಕ್ಷ ಕರ್ತವ್ಯದಲ್ಲಿರುವ ವೈದ್ಯರೇ ಎತ್ತುವ ಒಂದು ಫೋನ್ ನಂಬರನ್ನಾದರೂ ನಿಮ್ಮಂಥವರಿಗೆ ಕೊಡಲಿ. ಮಾರ್ಕೆಟಿಂಗ್ ಸಿಬ್ಬಂದಿಯ ವಿಸಿಟಿಂಗ್ ಕಾರ್ಡ್ ನಡುರಾತ್ರಿ ಉಪಯೋಗಕ್ಕೆ ಬರುವುದಿಲ್ಲ.

ನಿಮ್ಮ ಪತ್ರದಲ್ಲಿಲ್ಲದ ಒಂದು ಸಂಗತಿಯನ್ನೂ ಹೇಳಬೇಕು. 'ಇಷ್ಟು ದಿನ ಅಲ್ಲೇನು ಮಾಡುತ್ತಿದ್ದಿರಿ?' ಎಂದು ರೋಗಿಯ ಮನೆಯವರನ್ನು ಗದರುವ ತಜ್ಞರಿದ್ದಾರೆ. ಊರಿನಲ್ಲಿ ನೀವು ವರ್ಷಗಟ್ಟಲೆ ಗಳಿಸಿದ ನಂಬಿಕೆ ಆ ಒಂದು ಮಾತಿಗೆ ಹೋಗುತ್ತದೆ. ಮುಂದೆ ಇನ್ಯಾರಿಗೋ 'ಈಗಲೇ ಹೊರಡಿ' ಎಂದು ನೀವು ಹೇಳಿದಾಗ ಅವರು ಅನುಮಾನಿಸುತ್ತಾ ಕೂರುತ್ತಾರೆ. ನಿಜವಾಗಿಯೂ ತಡವಾಗಿದ್ದರೆ ತಜ್ಞರು ನಿಮಗೇ ಫೋನ್ ಮಾಡಿ ಹೇಳಲಿ. ಅದನ್ನು ಕೇಳಿಸಿಕೊಳ್ಳುವ ಮನಸ್ಸು ನಿಮಗೂ ಇರಲಿ.

ನೀವು ಬರೆದುಕೊಡುವ ಚೀಟಿಯ ಬಗ್ಗೆಯೂ ಒಂದು ವಿನಂತಿ. 'ಎದೆನೋವು, ಹೆಚ್ಚಿನ ಚಿಕಿತ್ಸೆಗೆ' ಎಂದಷ್ಟೇ ಬರೆದರೆ ರಾತ್ರಿ ಪಾಳಿಯ ವೈದ್ಯರಿಗೆ ಏನು ತಿಳಿದೀತು? ನೋವು ಶುರುವಾದ ಹೊತ್ತು, ಕೊಟ್ಟ ಔಷಧ, ಅದರ ಪ್ರಮಾಣ, ಹಳೆಯ ಕಾಯಿಲೆ, ನಿಮ್ಮ ಮೊಬೈಲ್ ಸಂಖ್ಯೆ ಎಲ್ಲವೂ ಅದರಲ್ಲಿರಲಿ. ಆಂಬುಲೆನ್ಸ್ ಹೊರಟೊಡನೆ ಒಂದು ಕರೆಯನ್ನೂ ಮಾಡಿ.

ಮೈಸೂರಿನ ಆಸ್ಪತ್ರೆಗಳವರು ಇದಕ್ಕೆ ಉತ್ತರ ಬರೆದರೆ ಮುಂದಿನ ಸಂಚಿಕೆಯಲ್ಲಿ ಇಷ್ಟೇ ಜಾಗ ಕೊಟ್ಟು ಪ್ರಕಟಿಸುತ್ತೇವೆ.

- ಸಂಪಾದಕ