ವಿಜಯಪುರದ ಬೇಸಿಗೆಗೆ ಅಕ್ವೇರಿಯಂ ತೊಟ್ಟಿಯ ಚೆರ್ರಿ ಸೀಗಡಿಗಳು (ಸಾಕುವ ಪುಟ್ಟ ಕೆಂಪು ಸೀಗಡಿ) ದಿನಕ್ಕೊಂದರಂತೆ ಸಾಯುತ್ತಿವೆ, ಬೋರ್‌ವೆಲ್ ನೀರೇ ಕಾರಣವೇ?
ಬೋರ್‌ನ ಗಡಸು (ಲವಣ ಹೆಚ್ಚಿರುವ) ನೀರನ್ನು ಚೆರ್ರಿ ಸೀಗಡಿ ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ತಾಳಿಕೊಳ್ಳದಿರುವುದು ದಿಢೀರ್ ಬದಲಾವಣೆಯನ್ನು. ಏಪ್ರಿಲ್–ಮೇನಲ್ಲಿ ನೀರು ಆವಿಯಾಗಿ ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. ಮೇಲೆ ಮತ್ತೆ ಬೋರ್ ನೀರನ್ನೇ ಸುರಿದರೆ ಗಡಸು ವಾರವಾರ ಏರುತ್ತದೆ. ಆಮೇಲೆ ಗಾಬರಿಯಾಗಿ ಒಮ್ಮೆಲೇ ಅರ್ಧ ನೀರು ಬದಲಿಸಿದಿರೋ, ಪೊರೆ ಕಳಚುವಾಗಲೇ ಸಾಯುತ್ತವೆ. ತಲೆಯ ಚಿಪ್ಪಿನ ಹಿಂದೆ ಮೈಸುತ್ತ ಬಿಳಿ ಉಂಗುರ ಕಂಡರೆ ಇದೇ ಕಥೆ.

ಆವಿಯಾದಷ್ಟನ್ನು ಆರ್‌ಓ (ಲವಣ ಸೋಸಿ ತೆಗೆದ) ನೀರಿನಿಂದ ತುಂಬಿ. ವಾರಕ್ಕೆ ಶೇ. 10ರಷ್ಟು ಬದಲಾವಣೆ ಸಾಕು, ಅದೂ ಸಣ್ಣ ಪೈಪಿನಲ್ಲಿ ಹನಿಹನಿಯಾಗಿ.

ನೀರಿನ ಶಾಖ 30 ಡಿಗ್ರಿ ದಾಟಿದರೆ ಆಮ್ಲಜನಕ ಸಾಲದು. ಗಾಳಿಗುಳ್ಳೆಯಿಂದ ನಡೆಯುವ ಸ್ಪಂಜ್ ಫಿಲ್ಟರ್ ನಿಲ್ಲಿಸಲೇಬೇಡಿ, ನೀರು ಆವಿಯಾಗಿ ತಂಪಾಗಲು ಮೇಲ್ಮೈಗೆ ಸಣ್ಣ ಫ್ಯಾನ್ ಬೀಸಲಿ (ನಮ್ಮ ಒಣ ಹವೆ ಇಲ್ಲಾದರೂ ಉಪಯೋಗಕ್ಕೆ ಬರುತ್ತದೆ). ತಾಮ್ರವಿರುವ ಮೀನಿನ ಔಷಧಿ ಹಾಕಿದ್ದರೆ ಮೊದಲು ಅದನ್ನೇ ಅನುಮಾನಿಸಿ, ತಾಮ್ರ ಸೀಗಡಿಗೆ ವಿಷ.