ಟ್ಯಾಲಿ ಸಾಕೇ, ಸ್ವಂತ ಸಾಫ್ಟ್‌ವೇರ್ ಬರೆಸಬೇಕೇ?

ಪ್ರಶ್ನೆ: ಸರ್, ಗೋಣಿಕೊಪ್ಪಲಿನಲ್ಲಿ ನಮ್ಮದು ಕಾಫಿ, ಕಾಳುಮೆಣಸು ಖರೀದಿ ವ್ಯಾಪಾರ. ಲೆಕ್ಕವೆಲ್ಲ ಇನ್ನೂ ಪುಸ್ತಕದಲ್ಲೇ ಇದೆ. ಲೆಕ್ಕಪತ್ರಕ್ಕೆಂದೇ ಸಿದ್ಧವಾಗಿ ಸಿಗುವ ಸಾಫ್ಟ್‌ವೇರ್ ಟ್ಯಾಲಿ ಹಾಕಿಸಿ ಎನ್ನುತ್ತಾರೆ ಆಡಿಟರ್. ಮೈಸೂರಿನ ಪರಿಚಯದ ಹುಡುಗನೊಬ್ಬ ಎಲ್ಲವನ್ನೂ ಸೇರಿಸಿ ನಮಗೆಂದೇ ಸಾಫ್ಟ್‌ವೇರ್ ಬರೆದುಕೊಡುತ್ತೇನೆ ಎನ್ನುತ್ತಿದ್ದಾನೆ. ಯಾವುದು ಒಳ್ಳೆಯದು?

ಉತ್ತರ: ಜಿಎಸ್‌ಟಿ, ಲೆಡ್ಜರ್, ಬ್ಯಾಂಕ್ ಲೆಕ್ಕಗಳನ್ನು ಮಾತ್ರ ದಯವಿಟ್ಟು ಬರೆಸಬೇಡಿ. 2025ರ ಸೆಪ್ಟೆಂಬರ್ 22ರಿಂದ ಎಷ್ಟೋ ಸರಕುಗಳ ಜಿಎಸ್‌ಟಿ ದರ ಬದಲಾಯಿತು. ಅಂಥ ಸಮಯದಲ್ಲಿ ಅಪ್‌ಡೇಟ್ ಕೊಡುವುದು ಸಾಫ್ಟ್‌ವೇರ್ ಕಂಪನಿಯ ಜವಾಬ್ದಾರಿ. ನಿಮ್ಮದೇ ಸಾಫ್ಟ್‌ವೇರ್ ಆದರೆ ಪ್ರತಿ ಸಲವೂ ಅದೇ ಹುಡುಗ ಬಿಡುವಾಗಿ ಸಿಗಬೇಕು. ಆಡಿಟರ್ ಹೇಳಿದ್ದು ಸರಿ.

ಆದರೆ ನಿಮ್ಮ ವ್ಯಾಪಾರದ ಜೀವ ಇರುವುದು ಅಲ್ಲಲ್ಲ, ಔಟ್‌ಟರ್ನ್‌ನಲ್ಲಿ. ಅಂದರೆ ಚೆರಿಯಿಂದ (ಒಣಗಿಸಿದ ಕಾಫಿ ಹಣ್ಣಿನಿಂದ) ಎಷ್ಟು ಬೀಜ ಸಿಗುತ್ತದೆ ಎಂಬುದರಲ್ಲಿ. 50 ಕೆ.ಜಿ. ಚೆರಿ ಚೀಲದಲ್ಲಿ 26 ಕೆ.ಜಿ. ಬೀಜ ಬಂದರೆ ಒಂದು ಬೆಲೆ, 28 ಬಂದರೆ ಇನ್ನೊಂದು. ತೇವಾಂಶ ಹೆಚ್ಚಿದ್ದರೆ ಕಡಿತ. ಮುಂಗಡ ಪಡೆದ ಬೆಳೆಗಾರರಿರುತ್ತಾರೆ. ಮಾಲು ಈಗ ಇಳಿಸಿ, ರೇಟು ಏರಿದ ಮೇಲೆ ದರ ನಿಗದಿ ಮಾಡಿಸಿಕೊಳ್ಳುವವರೂ ಇರುತ್ತಾರೆ. ಸಾಮಾನ್ಯ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಗೊತ್ತಿರುವುದು ತೂಕ ಗುಣಿಸು ದರ, ಅಷ್ಟೇ. ಅದರಲ್ಲಿ ಈ ವ್ಯವಹಾರವನ್ನು ತುರುಕಿದರೆ ಕೊನೆಗೆ ಪಕ್ಕದಲ್ಲೊಂದು ನೋಟ್‌ಬುಕ್ ಬಂದೇ ಬರುತ್ತದೆ. ಬೆಳೆಗಾರರೊಂದಿಗೆ ಜಗಳವಾಗುವುದೂ ಆ ನೋಟ್‌ಬುಕ್ಕಿನ ಲೆಕ್ಕದ ಮೇಲೆಯೇ. ಹಾಗಾಗಿ ಬರೆಸುವುದಾದರೆ ಈ ಒಂದು ಭಾಗವನ್ನಷ್ಟೇ ಬರೆಸಿ. ದಿನದ ಕೊನೆಗೆ ಒಟ್ಟು ಮೊತ್ತ ಟ್ಯಾಲಿಗೆ ಹೋದರೆ ಸಾಕು.

ಅದಕ್ಕೂ ಆತುರ ಬೇಡ. ಮೊದಲು ಒಂದು ಕೊಯ್ಲಿನ ಹಂಗಾಮು ಎಕ್ಸೆಲ್‌ನಲ್ಲಿ ನಡೆಸಿ ನೋಡಿ. ಅರೇಬಿಕಾ ಕಾಫಿಯಿಂದ ಶುರುಮಾಡಿ ರೊಬಸ್ಟಾ ಕಾಫಿ ಮುಗಿಯುವ ಹೊತ್ತಿಗೆ, ಯಾವ ಕಾಲಂ ದಿನಾ ಬೇಕು, ಯಾವುದನ್ನು ಯಾರೂ ತುಂಬುವುದೇ ಇಲ್ಲ ಎಂಬುದು ಸ್ಪಷ್ಟವಾಗಿರುತ್ತದೆ. ಆ ಹಾಳೆಯನ್ನೇ ಹುಡುಗನ ಕೈಗೆ ಕೊಡಿ. ಬಾಯಿಮಾತಿನಲ್ಲಿ ಹೇಳಿ ಬರೆಸಿದ್ದಕ್ಕಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ಕೆಲಸವಾಗುತ್ತದೆ.

ಒಪ್ಪಂದದಲ್ಲಿ ಸೋರ್ಸ್ ಕೋಡ್ (ಹುಡುಗ ಬರೆದ ಪ್ರೋಗ್ರಾಮಿನ ಮೂಲ ಬರಹ) ನಿಮ್ಮದೆಂದು ಬರೆಸಿಕೊಳ್ಳಿ. ಡೇಟಾವನ್ನೆಲ್ಲ ಯಾವಾಗ ಬೇಕಾದರೂ ಎಕ್ಸೆಲ್‌ಗೆ ಇಳಿಸಿಕೊಳ್ಳುವಂತಿರಬೇಕು. ವರ್ಷದ ನಿರ್ವಹಣೆಗೆ ಎಷ್ಟೆಂದು ಈಗಲೇ ಮಾತಾಡಿ; ಬರೆಸುವ ಖರ್ಚಿನ ಲೆಕ್ಕ ಹಾಕುವವರು ಇದನ್ನು ಮರೆಯುವುದೇ ಹೆಚ್ಚು. ಇನ್ನೊಂದು ಮಾತು: ನಮ್ಮಲ್ಲಿ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಇಂಟರ್ನೆಟ್ ಇಲ್ಲದಾಗಲೂ ತೂಕದ ಚೀಟಿ ಹೊರಬರಬೇಕು. ಹಣ ಕೊಡುವ ಮೊದಲು ನೆಟ್ ಆಫ್ ಮಾಡಿಸಿ, ನಿಮ್ಮೆದುರೇ ಅದನ್ನು ಪರೀಕ್ಷಿಸಿ.