ಹತ್ತಿ ಬದಲಿಸಿ ಮತ್ತೆ ಬಳಸಬಹುದಾದ ವೇಪ್ ಕಾಯಿಲ್ ಹಾಸನದಲ್ಲಿ ಎಲ್ಲಿ ಸಿಗುತ್ತದೆ?

ಹಾಸನದಲ್ಲಿ ಮಾತ್ರವಲ್ಲ, ದೇಶದ ಯಾವ ಅಂಗಡಿಯಲ್ಲಿಯೂ ವೇಪ್ ಕಾಯಿಲನ್ನು, ಅಂದರೆ ಎಲೆಕ್ಟ್ರಾನಿಕ್ ಸಿಗರೇಟಿನೊಳಗೆ ಹತ್ತಿ ಹೀರಿದ ದ್ರವವನ್ನು ಕಾಯಿಸಿ ಆವಿಯಾಗಿಸುವ ತಂತಿಯ ಸುರುಳಿಯನ್ನು, ಕಾನೂನುಬದ್ಧವಾಗಿ ಕೊಳ್ಳಲಾಗದು. 2019ರ ಎಲೆಕ್ಟ್ರಾನಿಕ್ ಸಿಗರೇಟು ನಿಷೇಧ ಕಾಯ್ದೆಯು ಇಡೀ ಸಾಧನವನ್ನಷ್ಟೇ ಅಲ್ಲದೆ ಅದರ ಯಾವುದೇ ಬಿಡಿಭಾಗದ ತಯಾರಿಕೆ, ಆಮದು, ಸಾಗಣೆ ಮತ್ತು ಮಾರಾಟವನ್ನೂ ನಿಷೇಧಿಸಿದ್ದು, ಮೊದಲ ಅಪರಾಧಕ್ಕೇ 1 ವರ್ಷದವರೆಗಿನ ಸೆರೆವಾಸ, 1 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಹೊರದೇಶದಿಂದ ಪಾರ್ಸೆಲ್ ತರಿಸಿದರೆ ಅದೂ ಆಮದೇ ಆಗುತ್ತದೆ.

ಹಳೆಯ ಕಾಯಿಲಿಗೇ ಹೊಸ ಹತ್ತಿ ತುಂಬಬಹುದೆಂಬ ಯೋಚನೆ ನಿಮಗೆ ಬಂದಿರುವುದು ಸಹಜ. ಆದರೆ ಎಣ್ಣೆ ತೀರಿದ ದೀಪದ ಬತ್ತಿ ಹೇಗೆ ಕರಕಲಾಗುತ್ತದೆಯೋ ಹಾಗೆಯೇ, ದ್ರವ ಸಾಕಷ್ಟು ತಲುಪದ ಕಡೆ ಕಾಯಿಲಿನ ಹತ್ತಿಯೂ ಸುಡುತ್ತದೆ. ಅತಿಯಾಗಿ ಕಾದ ದ್ರವದಿಂದ ಫಾರ್ಮಾಲ್ಡಿಹೈಡ್‌ನಂತಹ ವಿಷವಸ್ತು ಹುಟ್ಟುತ್ತದೆ. ಕಾರ್ಖಾನೆಯಲ್ಲಿ ಲೋಹದ ಕೊಳವೆಯೊಳಗೆ ಒತ್ತಿ ಮುಚ್ಚಿದ ಕಾಯಿಲಿನಲ್ಲಿ ಹತ್ತಿಯನ್ನು ಕೈಯಿಂದ ಸಮನಾಗಿ ತುಂಬುವುದು ಬಹಳ ಕಷ್ಟ, ಬಿಗಿಯಾದರೆ ಒಣಗುತ್ತದೆ, ಸಡಿಲವಾದರೆ ದ್ರವ ಸೋರುತ್ತದೆ. ಆದ್ದರಿಂದ ಈ ಪ್ರಯತ್ನವನ್ನು ನಾನು ಯಾರಿಗೂ ಸೂಚಿಸಲಾರೆ.

ಸುಟ್ಟ ವಾಸನೆ ಬಂದರೂ ಸೇದದೆ ಇರಲಾಗದಿದ್ದರೆ ಅದು ನಿಕೋಟಿನ್ ಚಟದ ಲಕ್ಷಣವಿರಬಹುದು. ತಂಬಾಕು ತ್ಯಜಿಸಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-112-356ಕ್ಕೆ ಉಚಿತವಾಗಿ ಕರೆ ಮಾಡಿ ಆಪ್ತಸಲಹೆ ಪಡೆಯಬಹುದು.